ಜೋಡಿಸುವ ಕೈಗೆ ಎಂಟು ಸಾಲು

ತಾನು ಬರೆದ ಸೂತ್ರಕ್ಕೆ ತಾನೇ ಟೀಕೆ ಬರೆದುಕೊಳ್ಳುವುದಕ್ಕೆ ನಮ್ಮ ಶಾಸ್ತ್ರಪರಂಪರೆಯಲ್ಲಿ ಸ್ವೋಪಜ್ಞ ವ್ಯಾಖ್ಯಾನ ಎಂಬ ಘನವಾದ ಹೆಸರಿದೆ. ನನ್ನದು ಅಷ್ಟು ಘನವಾದ ಸಂಗತಿಯಲ್ಲ. ಡಿಸೈನ್ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆಂದು ಬಿಳಿ ಬೋರ್ಡಿನ ಮೇಲೆ ಎಂಟು ಸಾಲು ಬರೆದಿಟ್ಟಿದ್ದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ, ಎಮರ್ಜೆನ್ಸಿ ಲೈಟು, ಮೀಟರ್ ಪೆಟ್ಟಿಗೆ ಇಂಥ ಸಾಧಾರಣ ವಸ್ತುಗಳನ್ನು ಮಾಡುವ ಜಾಗ ಅದು. ವಾರ ಕಳೆದ ಮೇಲೆ ಒಬ್ಬಳು ಬಂದು, "ಸಾಲು ಚೆನ್ನಾಗಿದೆ ಸರ್, ಆದ್ರೆ ಏನು ಮಾಡ್ಬೇಕು ಅಂತ ಗೊತ್ತಾಗಲ್ಲ" ಅಂದಳು. ಸೂತ್ರಕಾರನಿಗೆ ಇದಕ್ಕಿಂತ ದೊಡ್ಡ ಟೀಕೆ ಬೇಕೆ? ಹಾಗಾಗಿ ಈ ಟೀಕೆ.

ಎಂಟು ಸಾಲಿಗೂ ವಿಷಯ ಒಂದೇ. ನಾವು ಕಂಪ್ಯೂಟರಿನಲ್ಲಿ ಬಿಡಿಸುವ ಡ್ರಾಯಿಂಗನ್ನು ಕೊನೆಗೆ ಓದುವವರು ಮ್ಯಾನೇಜರೂ ಅಲ್ಲ, ಗಿರಾಕಿಯೂ ಅಲ್ಲ. ಅಸೆಂಬ್ಲಿ ಲೈನಿನಲ್ಲಿ ಕೂತ ಒಂದು ಜೊತೆ ಕೈ. ನಮ್ಮ ಕಡೆಯ ಲೈನುಗಳಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳ ಕೈ. ನಾವು ಒಂದು ಮಧ್ಯಾಹ್ನ ತೋರಿದ ಸೋಮಾರಿತನದ ಸಾಲವನ್ನು ಆ ಕೈ ದಿನಕ್ಕೆ ನೂರಾರು ಸಲ ತೀರಿಸುತ್ತದೆ.

ಒಳಗೆ ಬರುವ ಭಾಗ ಮೂರು ಪ್ರಶ್ನೆಗೆ ಉತ್ತರ ಕೊಟ್ಟೇ ಬರಲಿ.

'ಭಾಗ' ಎಂದ ಕೂಡಲೇ ಹೊಸಬರ ಕಣ್ಣಿಗೆ ಬರುವುದು ಮೋಟಾರು, ಸರ್ಕ್ಯೂಟ್ ಬೋರ್ಡು, ಮುಚ್ಚಳ. ವಾಷರೂ ಒಂದು ಭಾಗ. ಸ್ಟಿಕ್ಕರೂ ಒಂದು ಭಾಗ. ವೈರುಗಳನ್ನು ಸೇರಿಸಿ ಕಟ್ಟುವ ಪ್ಲಾಸ್ಟಿಕ್ ಟೈ ಕೂಡ ಭಾಗವೇ. ಪ್ರತಿಯೊಂದಕ್ಕೂ ಒಂದು ಡ್ರಾಯಿಂಗು, ಒಬ್ಬ ಸಪ್ಲೈಯರ್, ಸ್ಟೋರಿನಲ್ಲಿ ಒಂದು ಬಿನ್ನು ಬೇಕು. ಅದು ಬಾರದ ದಿನ ಲೈನು ನಿಲ್ಲುತ್ತದೆ. ಎರಡು ರೂಪಾಯಿಯ ಕ್ಲಿಪ್ಪು ಬರಲಿಲ್ಲವೆಂದು ಇಡೀ ಶಿಫ್ಟು ಚಹಾ ಕುಡಿಯುತ್ತ ಕೂತದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

'ಮೂರು ಪ್ರಶ್ನೆ' ನನ್ನವಲ್ಲ. 1970ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿದ್ದ ಜೆಫ್ರಿ ಬೂತ್‌ರಾಯ್ಡ್, ವಸ್ತುವೊಂದು ಜೋಡಣೆಗೆ ಎಷ್ಟು ಸುಲಭ ಎಂಬುದನ್ನು ಅಳೆಯುವ ಕೆಲಸಕ್ಕೆ ಇಳಿದರು. ಪೀಟರ್ ಡ್ಯೂಹರ್ಸ್ಟ್ ಅವರ ಜೊತೆಗೂಡಿದರು. 1991ರಲ್ಲಿ ಇಬ್ಬರಿಗೂ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಂದಿತು. ಅವರು ಪ್ರತಿ ಭಾಗವನ್ನೂ ನಿಲ್ಲಿಸಿ ಕೇಳುತ್ತಿದ್ದುದು ಇಷ್ಟು: ವಸ್ತು ಕೆಲಸ ಮಾಡುವಾಗ ನೀನು ಉಳಿದವುಗಳಿಂದ ಬೇರೆಯಾಗಿ ಚಲಿಸಲೇಬೇಕೆ? ನೀನು ಬೇರೆ ವಸ್ತುವಿನಿಂದಲೇ ಆಗಿರಬೇಕೆ? ನೀನು ಬಿಡಿಯಾಗಿ ಇರದಿದ್ದರೆ ಇನ್ನೊಂದನ್ನು ಒಳಗಿಡಲು ಅಥವಾ ಹೊರತೆಗೆಯಲು ಆಗುವುದಿಲ್ಲವೆ? ಮೂರಕ್ಕೂ 'ಇಲ್ಲ' ಎಂದರೆ ಆ ಭಾಗ ಪಕ್ಕದ ಭಾಗದೊಳಗೆ ಕರಗಬಹುದು.

ಆಮೇಲೆ ಒಂದು ಲೆಕ್ಕ. ಮೂರು ಪ್ರಶ್ನೆ ದಾಟಿದ ಭಾಗಗಳಿಗೆ ತಲಾ ಮೂರು ಸೆಕೆಂಡು ಕೊಡಿ. ಸುಲಭವಾದ ಭಾಗವೊಂದನ್ನು ಎತ್ತಿ ಕೂರಿಸಲು ಅಷ್ಟು ಸಾಕು. ಅದನ್ನು ನಿಜವಾಗಿ ಹಿಡಿಯುತ್ತಿರುವ ಸಮಯದಿಂದ ಭಾಗಿಸಿ. ಇಪ್ಪತ್ತು ಭಾಗದ ಒಂದು ಡಬ್ಬಿ, ಜೋಡಿಸಲು 160 ಸೆಕೆಂಡು, ಪ್ರಶ್ನೆ ದಾಟಿದವು ಐದೇ ಎಂದು ಇಟ್ಟುಕೊಳ್ಳಿ. ಐದು ಮೂರಲಿ 15. ಅದನ್ನು 160ರಿಂದ ಭಾಗಿಸಿದರೆ ನೂರಕ್ಕೆ ಒಂಬತ್ತು ಚಿಲ್ಲರೆ. ಮೊದಲ ಸಲ ಈ ಲೆಕ್ಕ ಹಾಕಿದವರೆಲ್ಲ ಕ್ಯಾಲ್ಕುಲೇಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ.

ಇದು ಬರೀ ಕಾಗದದ ಲೆಕ್ಕವೋ ಎಂದರೆ, 1985ರ ಒಂದು ಪ್ರಿಂಟರ್ ನೋಡಬೇಕು. ಅದಕ್ಕೆ ಮೊದಲು ಐಬಿಎಂ ಕಂಪನಿ ಜಪಾನಿನ ಎಪ್ಸನ್ ಎಂಎಕ್ಸ್-80 ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನೇ ತನ್ನ ಹೆಸರು ಹಾಕಿ ಮಾರುತ್ತಿತ್ತು. ಅದರಲ್ಲಿ ಸುಮಾರು 150 ಭಾಗ. ಜೋಡಿಸಲು ಹೆಚ್ಚುಕಡಿಮೆ ಅರ್ಧ ಗಂಟೆ. ಐಬಿಎಂ ತಾನೇ ಮಾಡಿದ ಪ್ರೊಪ್ರಿಂಟರಿನಲ್ಲಿ 32 ಭಾಗ. ಮೂರು ನಿಮಿಷದಲ್ಲಿ ಮುಗಿಯುತ್ತಿತ್ತು. ಒತ್ತಿದರೆ ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಕೊಕ್ಕೆಗಳೇ ಎಲ್ಲವನ್ನೂ ಹಿಡಿದಿದ್ದವು. ತಮಾಷೆಯೆಂದರೆ ಅದನ್ನು ರೋಬೋಗಳಿಗಾಗಿ ಅಷ್ಟು ಸುಲಭ ಮಾಡಿದ್ದು. ರೋಬೋಗೆ ಹುಡುಕಲು ಬರದು, ತಡಕಲು ಬರದು, ತಿರುಗಿಸಿ ನೋಡಲು ಬರದು. ಹಾಗಾಗಿ ಹುಡುಕದೆ, ತಡಕದೆ, ತಿರುಗಿಸದೆ ಕೂರುವಂತೆ ಮಾಡಬೇಕಾಯಿತು. ಹಾಗೆ ಮಾಡಿದ ಮೇಲೆ ಮನುಷ್ಯರ ಕೈಗೂ ಅದು ಮಕ್ಕಳಾಟವಾಯಿತು. ಯಂತ್ರಕ್ಕೆ ತೋರಿಸಿದ ಈ ದಯೆಯನ್ನು ಮೊದಲೇ ಮನುಷ್ಯರಿಗೆ ತೋರಿಸಬಹುದಿತ್ತಲ್ಲ ಎಂದು ನನಗೆ ಅನ್ನಿಸುವುದುಂಟು.

ಪೂರ್ವಪಕ್ಷ: ನಾಲ್ಕು ಸರಳ ಭಾಗ ಸೇರಿ ಒಂದು ಜಟಿಲ ಭಾಗವಾದರೆ ಅದರ ಅಚ್ಚಿಗೆ ಲಕ್ಷಗಟ್ಟಲೆ ಬೀಳುವುದಿಲ್ಲವೆ? ಬೀಳುತ್ತದೆ. ಐವತ್ತು ಸಾವಿರ ಡಬ್ಬಿ ಮಾಡುವವನಿಗೆ ಅದು ಹಂಚಿಹೋಗುತ್ತದೆ, ಐನೂರು ಮಾಡುವವನ ಕುತ್ತಿಗೆಗೆ ಬರುತ್ತದೆ. ಐನೂರಕ್ಕೆ ತಗಡು ಬಗ್ಗಿಸಿ ರಿವೆಟ್ ಹೊಡೆಯುವುದೇ ಜಾಣತನ. ಆದರೆ ಎಷ್ಟು ಮಾಡುತ್ತೇವೆ ಎಂದು ಕೇಳಿಕೊಳ್ಳದೆ ಡ್ರಾಯಿಂಗಿಗೆ ಕೂರುವುದು, ಊಟಕ್ಕೆ ಎಷ್ಟು ಜನ ಎಂದು ಕೇಳದೆ ಅಕ್ಕಿ ಹಾಕಿದಂತೆ.

ಮೇಲಿಂದ ಇಳಿಯಲಿ, ತಾನೇ ಕೂರಲಿ.

ಭೂಮಿಯ ಸೆಳೆತಕ್ಕೆ ಸಂಬಳ ಕೊಡಬೇಕಿಲ್ಲ. ತಳದ ಭಾಗ ಮೇಜಿನ ಮೇಲೆ ಕೂತಿರಲಿ, ಉಳಿದವೆಲ್ಲ ಮೇಲಿಂದ ಒಂದೊಂದಾಗಿ ಬರಲಿ. ನಡುವೆ ಡಬ್ಬಿಯನ್ನು ಮಗುಚಬೇಕಾಗಿ ಬಂತೋ, ಅದುವರೆಗೆ ಇಟ್ಟದ್ದು ಬೀಳದಂತೆ ಇನ್ನೊಂದು ಕೈ ಬೇಕು. ದೇವರು ಕೊಟ್ಟಿರುವುದು ಎರಡೇ.

'ತಾನೇ ಕೂರಲಿ' ಎಂದರೆ ತೂತಿನ ಬಾಯಿ ಸ್ವಲ್ಪ ಅಗಲವಾಗಿ ಇಳಿಜಾರಾಗಿರಲಿ, ಪಿನ್ನಿನ ತುದಿ ಮೊನಚಾಗಿರಲಿ ಎಂದು. ಅರ್ಧ ಮಿಲಿಮೀಟರಿನ ಆ ಇಳಿಜಾರು ಡ್ರಾಯಿಂಗಿನಲ್ಲಿ ಒಂದು ಕ್ಲಿಕ್ಕು. ಲೈನಿನಲ್ಲಿ ಅದೇ ದಾರಿ ತೋರಿಸುವ ಬೆರಳು.

ಈ ಸಾಲನ್ನು ಅಕ್ಷರಶಃ ಪಾಲಿಸಿದ್ದು 1983ರಲ್ಲಿ ಬಂದ ಸ್ವಿಸ್ ಗಡಿಯಾರ ಸ್ವಾಚ್. ಎಲ್ಮರ್ ಮಾಕ್, ಜಾಕ್ ಮ್ಯುಲರ್ ಎಂಬ ಇಬ್ಬರು ಎಂಜಿನಿಯರುಗಳು ಕೇಸಿನ ಹಿಂಬದಿಯನ್ನೇ ಯಂತ್ರದ ತಳಹಲಗೆಯಾಗಿ ಮಾಡಿ, ಉಳಿದದ್ದನ್ನೆಲ್ಲ ಒಂದೇ ಕಡೆಯಿಂದ ಇಳಿಸಿದರು. ಆಗಿನ ಕೈಗಡಿಯಾರಗಳಲ್ಲಿ 90ಕ್ಕೂ ಮೀರಿ ಭಾಗಗಳಿರುತ್ತಿದ್ದರೆ ಇದರಲ್ಲಿ 51. ಕ್ವಾರ್ಟ್ಜ್ ಗಡಿಯಾರಗಳ ಅಲೆಯಲ್ಲಿ ಮುಳುಗುತ್ತಿದ್ದ ಸ್ವಿಸ್ ಗಡಿಯಾರ ಉದ್ಯಮಕ್ಕೆ ಅದು ಹಿಡಿಯಲು ಸಿಕ್ಕ ಹಗ್ಗ. ಆ ಗಡಿಯಾರದ ಇನ್ನೊಂದು ಮುಖ ಎಂಟನೇ ಸಾಲಿನಲ್ಲಿ ಬರುತ್ತದೆ.

ಎರಡೂ ಕಡೆ ಒಂದೇ ಇರಲಿ. ಇಲ್ಲವೇ ಕತ್ತಲಲ್ಲೂ ಕೈಗೆ ತಿಳಿಯುವಷ್ಟು ಬೇರೆ ಇರಲಿ.

ಇದರಲ್ಲಿ ಹೇಳದೆ ಬಿಟ್ಟ ಮೂರನೆಯದೇ ಮುಖ್ಯ: ಹೆಚ್ಚುಕಡಿಮೆ ಒಂದೇ ಇರುವುದು. ಒಂದು ಪಟ್ಟಿಯ ಎಡ ತೂತು ಅಂಚಿನಿಂದ 10 ಮಿಲಿಮೀಟರು, ಬಲ ತೂತು 11 ಮಿಲಿಮೀಟರು. ಹೀಗಿದ್ದರೆ ಕಣ್ಣು ಮೋಸಹೋಗುತ್ತದೆ, ಕೈ ಮೋಸಹೋಗುತ್ತದೆ, ಸಿಟ್ಟು ಮಾತ್ರ ಮೋಸವಿಲ್ಲದೆ ಬರುತ್ತದೆ. ಎರಡನ್ನೂ 10 ಮಾಡಿ, ಅಥವಾ ಒಂದು ಮೂಲೆಯನ್ನು ಕತ್ತರಿಸಿ. ಸಿಮ್ ಕಾರ್ಡಿನ ಕತ್ತರಿಸಿದ ಮೂಲೆ ನೆನಪಿಸಿಕೊಂಡರೆ ಸಾಕು.

ತಪ್ಪಾಗಿ ಕೂರುವಂತಿದ್ದರೆ ಒಂದು ದಿನ ಕೂರುತ್ತದೆ.

ಇದು ಶಾಪದಂತೆ ಕೇಳುತ್ತದೆ ಎಂದು ಹುಡುಗರು ನಕ್ಕಿದ್ದರು. ಶಾಪವಲ್ಲ, ಎಣಿಕೆ. ಸಾವಿರದಲ್ಲಿ ಒಂದು ಸಲ ಕೈ ತಪ್ಪುತ್ತದೆ ಎಂದಾದರೆ, ದಿನಕ್ಕೆ ಸಾವಿರ ಮಾಡುವ ಲೈನಿನಲ್ಲಿ ಅದು ದಿನದ ಲೆಕ್ಕ.

1961ರಲ್ಲಿ ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ, ಯಮಾಡಾ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ಒಂದು ಸಣ್ಣ ಸ್ವಿಚ್ಚಿನ ತೊಂದರೆ ಕೇಳಿದರು. ಎರಡು ಗುಂಡಿ, ಪ್ರತಿ ಗುಂಡಿಯ ಕೆಳಗೆ ಒಂದು ಸ್ಪ್ರಿಂಗು. ಆಗಾಗ ಯಾರೋ ಒಂದು ಸ್ಪ್ರಿಂಗ್ ಮರೆಯುತ್ತಿದ್ದರು. ಅದುವರೆಗಿನ ಪರಿಹಾರ ಎಲ್ಲ ಕಡೆ ಇರುವುದೇ: ಇನ್ನುಮುಂದೆ ಹುಷಾರಾಗಿ ಮಾಡಿ ಎಂಬ ಬೈಗುಳ. ಶಿಂಗೊ ಒಂದು ಪುಟ್ಟ ತಟ್ಟೆ ತರಿಸಿದರು. ಪ್ರತಿ ಸ್ವಿಚ್ಚಿಗೂ ಮೊದಲು ಡಬ್ಬದಿಂದ ಎರಡು ಸ್ಪ್ರಿಂಗು ತೆಗೆದು ತಟ್ಟೆಯಲ್ಲಿಡಬೇಕು, ತಟ್ಟೆಯಿಂದ ಎತ್ತಿ ಜೋಡಿಸಬೇಕು. ಕೆಲಸ ಮುಗಿದಾಗ ತಟ್ಟೆಯಲ್ಲಿ ಒಂದು ಉಳಿದಿದ್ದರೆ, ಮರೆತದ್ದು ಅಲ್ಲೇ ಕಣ್ಣಿಗೆ ಬೀಳುತ್ತದೆ.

ಇಂಥ ಉಪಾಯಗಳಿಗೆ ಅವರು ಮೊದಲು ಇಟ್ಟ ಹೆಸರು 'ಬಾಕಾ ಯೋಕೆ'. ಪೆದ್ದರಿಂದ ಕಾಪು ಎಂದು ಅರ್ಥ. ಒಂದು ಕಾರ್ ಬಾಡಿ ಕಾರ್ಖಾನೆಯಲ್ಲಿ ಆ ಹೆಸರು ಕೇಳಿ, ನಾನೇನು ಪೆದ್ದಿಯೇ ಎಂದು ಒಬ್ಬ ಕಾರ್ಮಿಕ ಹೆಣ್ಣುಮಗಳು ಅತ್ತಳಂತೆ. ಶಿಂಗೊ ಹೆಸರು ಬದಲಿಸಿ 'ಪೋಕಾ ಯೋಕೆ' ಅಂದರು. ಪೋಕಾ ಎಂದರೆ ಅರಿಯದೆ ಆಗುವ ತಪ್ಪು. ನಮ್ಮಲ್ಲಿ 'ಕೈತಪ್ಪು' ಎಂಬ ಒಳ್ಳೆಯ ಮಾತಿದೆ. ತಪ್ಪು ಕೈಯದು, ಆಳಿನದಲ್ಲ. ನನ್ನ ಮಟ್ಟಿಗೆ ಈ ಇಡೀ ವಿದ್ಯೆಯ ತಿರುಳು ಆ ಹೆಸರು ಬದಲಾವಣೆಯಲ್ಲೇ ಇದೆ.

'ಕೂರುವಂತಿದ್ದರೆ' ಎಂಬುದಕ್ಕೆ ಇನ್ನೊಂದು ಟಿಪ್ಪಣಿ. 2013ರ ಜುಲೈ 2ರಂದು ಬೈಕನೂರ್ ಉಡಾವಣಾ ಕೇಂದ್ರದಿಂದ ಹಾರಿದ ರಷ್ಯದ ಪ್ರೋಟಾನ್ ರಾಕೆಟ್ಟು ಒಂದು ನಿಮಿಷವೂ ಆಗುವ ಮೊದಲೇ ಬುಡಮೇಲಾಗಿ ನೆಲಕ್ಕಪ್ಪಳಿಸಿತು. ಅದು ಹೊತ್ತಿದ್ದ ಮೂರು ಗ್ಲೋನಾಸ್ ಉಪಗ್ರಹಗಳೂ ಹೋದವು. ರಾಕೆಟ್ಟು ಎಷ್ಟು ವೇಗವಾಗಿ ಹೊರಳುತ್ತಿದೆ ಎಂದು ತಿಳಿಸುವ ಸೆನ್ಸರುಗಳಲ್ಲಿ ಮೂರನ್ನು ತಲೆಕೆಳಗಾಗಿ ಕೂರಿಸಿದ್ದರು ಎಂದು ತನಿಖೆ ಹೇಳಿತು. ಯಾವ ಕಡೆ ಮೇಲೆ ಎಂದು ಸೆನ್ಸರಿನ ಮೇಲೆ ಬಾಣದ ಗುರುತಿತ್ತು. ತಪ್ಪಾಗಿ ಕೂರದಿರಲೆಂದು ಪಿನ್ನುಗಳೂ ಇದ್ದವು. ಆದರೂ ಬಲ ಹಾಕಿ ಕೂರಿಸಿದ ಗುರುತು ಸಿಕ್ಕಿತು. ಬಾಣ ಓದಬೇಕು, ಓದುವವನಿಗೆ ಪುರುಸೊತ್ತಿರಬೇಕು. ಪಿನ್ನಿಗಾದರೆ ಅದರ ಹಂಗಿಲ್ಲ, ಆದರೆ ಜೋರಾಗಿ ಒತ್ತಿದಾಗ ಸೋಲುವ ಪಿನ್ನು ಪಿನ್ನೇ ಅಲ್ಲ. ತಡೆಯುವುದಾದರೆ ಗಟ್ಟಿಯಾಗಿ ತಡೆಯಬೇಕು.

ಚೆನ್ನಾಗಿ ತಡೆಯುವ ವಸ್ತು ನಮ್ಮ ಮನೆಯ ಗೋಡೆಯಲ್ಲೇ ಇದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಪಿನ್ನು ದಪ್ಪ, ಉದ್ದ. ದಪ್ಪ ಇರುವುದರಿಂದ ಬೇರೆ ತೂತಿಗೆ ಹೋಗದು. ಉದ್ದ ಇರುವುದರಿಂದ ಹಾಕುವಾಗ ಎಲ್ಲಕ್ಕಿಂತ ಮೊದಲು ಮುಟ್ಟುತ್ತದೆ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ಬಾಣವಿಲ್ಲ, ಬರಹವಿಲ್ಲ.

ಸ್ಕ್ರೂ ಕೊನೆಯ ಮಾತಾಗಲಿ. ಆಡಿದರೆ ಒಂದೇ ಅಳತೆಯಲ್ಲಿ ಆಡು.

ಪಾಠಾಂತರ: ಬೋರ್ಡಿನ ಮೇಲೆ ಮೊದಲು ಇದ್ದದ್ದು 'ಸ್ಕ್ರೂ ಬೇಡ' ಎಂದಷ್ಟೆ. ಆಮೇಲೆ ಅಳಿಸಿ ತಿದ್ದಿದೆ. ಯಾಕೆಂದು ಹೇಳುತ್ತೇನೆ.

ಸ್ಕ್ರೂ ಹಾಕುವುದು ಒಂದು ಕೆಲಸವಲ್ಲ. ಬಿನ್ನಿನಿಂದ ಎತ್ತಬೇಕು, ಡ್ರೈವರಿನ ತುದಿಗೆ ಹಿಡಿಸಬೇಕು, ತೂತಿಗೆ ಗುರಿಯಿಡಬೇಕು, ಅದರ ಸುರುಳಿಗೆರೆ, ಅಂದರೆ ಮರೆ, ಹಿಡಿಯುವವರೆಗೆ ಓರೆಯಾಗದಂತೆ ನೋಡಿಕೊಳ್ಳಬೇಕು, ತಿರುಗಿಸಬೇಕು, ಸಾಕೆನ್ನುವಲ್ಲಿ ನಿಲ್ಲಿಸಬೇಕು. ಕೊಕ್ಕೆಯಾದರೆ ಒಂದು ಒತ್ತು, 'ಟಕ್' ಎಂಬ ಒಂದು ಸದ್ದು. ಆ ಸದ್ದೇ ತಪಾಸಣೆ ಕೂಡ.

ಹಾಗಿದ್ದೂ 'ಬೇಡ' ಎನ್ನಲಾಗದು. ಬಿಸಿಲಲ್ಲಿ ಪಂಪ್‌ಹೌಸಿನ ಗೋಡೆಗೆ ನೇತಾಡುವ ಡಬ್ಬಿಯ ಪ್ಲಾಸ್ಟಿಕ್ ಕೊಕ್ಕೆ ವರ್ಷ ಕಳೆದಂತೆ ಪೆಡಸಾಗುತ್ತದೆ. ಬಿಚ್ಚಲು ಹೋದರೆ ಮುರಿದು ಕೈಗೆ ಬರುತ್ತದೆ. ಹಾಗಾಗಿ 'ಕೊನೆಯ ಮಾತು'.

'ಒಂದೇ ಅಳತೆ' ಎಂಬುದು ನನ್ನ ಸ್ವಂತ ಪ್ರಾಯಶ್ಚಿತ್ತ. ನಾನು ಮೊದಲು ಡಿಸೈನ್ ಮಾಡಿದ ಸ್ಟಾರ್ಟರ್ ಡಬ್ಬಿಯಲ್ಲಿ ಮೂರು ಮಿಲಿಮೀಟರು ದಪ್ಪದ ಸ್ಕ್ರೂಗಳಿದ್ದವು, ಉದ್ದ ಮಾತ್ರ ಮೂರು ಬಗೆ: 8, 10, 12. ಎಲ್ಲಿಗೆ ಎಷ್ಟು ಬೇಕೋ ಅಷ್ಟೇ ಎಂದು ಲೆಕ್ಕ ಹಾಕಿ ಹಾಕಿದ್ದೆ. ಲೋಹ ಉಳಿಸಿದೆನೆಂಬ ಹೆಮ್ಮೆಯೂ ಇತ್ತು. 8ರ ತೂತಿಗೆ 12 ಹೋಯಿತು, ತುದಿ ಆಚೆ ಬಂದು ಸರ್ಕ್ಯೂಟ್ ಬೋರ್ಡಿಗೆ ತಾಗಿತು, ಟೆಸ್ಟ್ ಬೆಂಚಿನ ಮೇಲೆ ಸುಟ್ಟ ವಾಸನೆ ಬಂತು. ಲೈನು ನೋಡಿಕೊಳ್ಳುತ್ತಿದ್ದ ಅಕ್ಕ ಒಂದೂ ಮಾತಾಡದೆ ನನ್ನ ಅಂಗೈಯಲ್ಲಿ ಮೂರು ಸ್ಕ್ರೂ ಇಟ್ಟು, "ಕಣ್ ಮುಚ್ಕೊಳಿ ಸಾರ್. ಈಗ ಹೇಳಿ, ಯಾವ್ದು ಎಲ್ಲಿಗೆ?" ಅಂದರು. ನನಗೆ ಹೇಳಲಾಗಲಿಲ್ಲ. ಕಣ್ಣು ಬಿಟ್ಟರೂ ಹೇಳಲು ಒಂದು ಕ್ಷಣ ಬೇಕಾಯಿತು. ಮುಂದಿನ ತಿಂಗಳು ಎಲ್ಲವೂ 10 ಆದವು. ಎಂಟಿದ್ದ ಕಡೆ ಪ್ಲಾಸ್ಟಿಕ್ ಕಂಬವನ್ನು ಎರಡು ಮಿಲಿಮೀಟರು ಎತ್ತರಿಸಿದೆ, ಅಷ್ಟೆ.

ಯಾವುದನ್ನು ಬಿಗಿದು ಮರೆಯಬೇಕು, ಯಾವುದನ್ನು ಬಿಚ್ಚುವಂತೆ ಇಡಬೇಕು ಎಂಬ ವಿವೇಕಕ್ಕೆ ಎತ್ತಿನ ಗಾಡಿಯ ಗಾಲಿಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ನಡುವಿನ ಗುಂಬ, ಅರಗಳು, ಹೊರಸುತ್ತಿನ ಬಾಗಿದ ಮರದ ತುಂಡುಗಳು. ಇಷ್ಟನ್ನೂ ಹಿಡಿದಿಡುವುದು ಒಂದೇ ಕಬ್ಬಿಣದ ಪಟ್ಟಿ. ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಹಿಗ್ಗುತ್ತದೆ, ಮರದ ಮೇಲೆ ಏರಿಸಿ ನೀರು ಹುಯ್ದರೆ ಕುಗ್ಗಿ ಇಡೀ ಗಾಲಿಯನ್ನು ಒಳಗೆ ಒತ್ತಿ ಹಿಡಿಯುತ್ತದೆ. ಅದನ್ನು ದಿನಾ ಬಿಚ್ಚುವ ಪ್ರಸಂಗವಿಲ್ಲ. ಆದರೆ ಅಚ್ಚಿಗೆ ಕೀಲೆಣ್ಣೆ ಹಾಕಲು ಗಾಲಿಯನ್ನೇ ಕಳಚಬೇಕು. ಅಲ್ಲಿ ಗಾಲಿಯನ್ನು ತಡೆದಿರುವುದು ಕಡಾಣಿ. ಕೈಯಲ್ಲೇ ಎಳೆದು ತೆಗೆಯಬಹುದು.

ಅಚ್ಚು ಬಿಚ್ಚುವ ದಾರಿಗೆ ಅಡ್ಡ ನಿಲ್ಲಬೇಡ.

ಇಲ್ಲಿ 'ಅಚ್ಚು' ಗಾಡಿಯದಲ್ಲ, ಎರಕದ್ದು. ಪ್ಲಾಸ್ಟಿಕ್ ಮೋಲ್ಡಿನ ವಿಚಾರವನ್ನು ಕಂಪ್ಯೂಟರಿನಲ್ಲಿ ಎಷ್ಟು ತೋರಿಸಿದರೂ ಹೊಳೆಯದ ಹುಡುಗರಿಗೆ ಸಂಕ್ರಾಂತಿಯ ಸಕ್ಕರೆ ಅಚ್ಚು ತೋರಿಸಿ. ಎರಡು ಮರದ ಹೋಳು, ಎರಡರಲ್ಲೂ ಅರ್ಧರ್ಧ ಆನೆ. ಜೋಡಿಸಿ ಕಟ್ಟಿ ಪಾಕ ಹುಯ್ದು, ಗಟ್ಟಿಯಾದ ಮೇಲೆ ಹೋಳುಗಳನ್ನು ನೇರವಾಗಿ ಆಚೀಚೆ ಎಳೆಯಬೇಕು. ಆನೆಯ ಬೆನ್ನ ಮೇಲೆ ಸಣ್ಣ ಗೆರೆಯೊಂದು ಉಳಿಯುತ್ತದೆ. ನಿಮ್ಮ ಮೊಬೈಲ್ ಚಾರ್ಜರಿನ ಮೈಮೇಲೆ ಹುಡುಕಿದರೂ ಅಂಥದೇ ಗೆರೆ ಸಿಗುತ್ತದೆ. ಈಗ ಆನೆಯ ಹೊಟ್ಟೆಯಲ್ಲಿ, ಹೋಳು ಎಳೆಯುವ ದಿಕ್ಕಿಗೆ ಅಡ್ಡಲಾಗಿ ಒಂದು ಕುಳಿ ಬೇಕು ಅನ್ನಿ. ಅಚ್ಚಿನ ಮರ ಆ ಕುಳಿಯೊಳಗೆ ಸಿಕ್ಕಿಕೊಳ್ಳುತ್ತದೆ. ಎಳೆದರೆ ಆನೆ ಮುರಿಯುತ್ತದೆ. ಮುರಿಯದಿರಬೇಕಾದರೆ ಪಕ್ಕದಿಂದ ಬಂದು ಹೋಗುವ ಮೂರನೇ ತುಂಡು ಬೇಕು. ಉಕ್ಕಿನ ಮೋಲ್ಡಿನಲ್ಲಿ ಅದಕ್ಕೆ ಸ್ಲೈಡರ್ ಎನ್ನುತ್ತಾರೆ. ಟೂಲ್‌ರೂಮಿನವರು ಕೊಟೇಶನ್ನಿನಲ್ಲಿ ಅದನ್ನು ಬರೆಯುವಾಗ ಅವರ ಮುಖ ಅರಳುತ್ತದೆ.

ಇಳಿಜಾರಿನ ಪಾಠ ಇಡ್ಲಿ ತಟ್ಟೆಯಲ್ಲಿದೆ. ಗುಳಿಯ ಪಕ್ಕ ಬಾಗಿರುವುದರಿಂದ ಇಡ್ಲಿ ಏಳುತ್ತದೆ. ಲೋಟದಂತೆ ನೆಟ್ಟಗಿದ್ದರೆ ಸೌಟಿನಲ್ಲಿ ಕೆರೆಯಬೇಕಿತ್ತು. ಪ್ಲಾಸ್ಟಿಕ್ ಗೋಡೆಗೂ ಒಂದೆರಡು ಡಿಗ್ರಿ ವಾಲು ಬೇಕು. ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಇರಲಿ. ಒಂದು ಕಡೆ ದಪ್ಪವಾದರೆ ಅಲ್ಲಿ ತಡವಾಗಿ ಆರುತ್ತದೆ, ಆರುವಾಗ ಒಳಗೆ ಎಳೆದುಕೊಂಡು ಹೊರಮೈಯಲ್ಲಿ ತಗ್ಗು ಬೀಳುತ್ತದೆ. ಬಲ ಬೇಕಾದರೆ ಗೋಡೆಯನ್ನು ದಪ್ಪ ಮಾಡಬೇಡಿ, ಒಳಗೆ ರಿಬ್ ಕೊಡಿ. ಅದೂ ಗೋಡೆಯ ಅರ್ಧದಷ್ಟೇ ದಪ್ಪ.

ಸೊನ್ನೆ ಬರೆಯುವ ಮುನ್ನ ಬೆಲೆ ಕೇಳು.

ಅಳತೆಯಲ್ಲಿ 0.1 ಮಿಲಿಮೀಟರು ಹೆಚ್ಚುಕಡಿಮೆ ಆಗಬಹುದು ಎಂದು ಬರೆದರೆ ಸಾಧಾರಣ ಮಿಲ್ಲಿಂಗ್ ಮೆಷಿನ್ನು ನಗುನಗುತ್ತಾ ಮಾಡುತ್ತದೆ. 0.01 ಎಂದು ಇನ್ನೊಂದು ಸೊನ್ನೆ ತುರುಕಿದರೆ ಕೆಲಸ ಗ್ರೈಂಡಿಂಗಿಗೆ ಹೋಗುತ್ತದೆ, ತಪಾಸಣೆಗೆ ಬೇರೆ ಉಪಕರಣ ಬೇಕಾಗುತ್ತದೆ. ಭಯಕ್ಕೆ ಸೊನ್ನೆ ಬರೆಯುವವರೇ ಹೆಚ್ಚು. ಭಯಕ್ಕೆ ಕಾರಣವೂ ಇಲ್ಲದಿಲ್ಲ: ತಲಾ 0.1 ಆಚೀಚೆಯಾಗುವ ಆರು ಭಾಗ ಸಾಲಾಗಿ ಕೂತರೆ, ಎಲ್ಲವೂ ಒಂದೇ ಕಡೆ ತಪ್ಪಿದ ಕೆಟ್ಟ ದಿನ 0.6 ಬರುತ್ತದೆ. ಸಾಮಾನ್ಯವಾಗಿ ಒಂದರ ತಪ್ಪನ್ನು ಇನ್ನೊಂದು ತಿನ್ನುತ್ತದೆ. ವರ್ಗಗಳನ್ನು ಕೂಡಿ ಮೂಲ ತೆಗೆದರೆ 0.25ರ ಆಸುಪಾಸು. ಸೊನ್ನೆಗಿಂತ ಅಗ್ಗದ ಉಪಾಯ ಆರನ್ನು ಮೂರು ಮಾಡುವುದು. ಅದು ಒಂದನೇ ಸಾಲು.

ಬಿಚ್ಚುವ ಕೈಯೂ ಒಂದಿದೆ.

ಸ್ವಾಚಿನ ಇನ್ನೊಂದು ಮುಖ ಎಂದೆನಲ್ಲ. ಅದರ ಗಾಜನ್ನು ಕೇಸಿಗೆ ಅಲ್ಟ್ರಾಸಾನಿಕ್ ಕಂಪನದಿಂದ ಬೆಸೆದುಬಿಟ್ಟಿದ್ದರು. ಹಿಂಬದಿಯಲ್ಲಿ ಬ್ಯಾಟರಿ ಬದಲಿಸಲು ಒಂದು ಮುಚ್ಚಳ; ಅದು ಬಿಟ್ಟರೆ ಒಳಗೆ ಹೋಗಲು ದಾರಿಯಿಲ್ಲ. ಕೆಟ್ಟರೆ ಎಸೆಯಬೇಕು. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ 1961ರಲ್ಲಿ ಶುರುವಾದ ಎಚ್‌ಎಂಟಿ ಕಾರ್ಖಾನೆಯ ಕೀಲಿ ಕೊಡುವ ಗಡಿಯಾರಗಳು ಇದಕ್ಕೆ ತದ್ವಿರುದ್ಧ. ಭಾಗ ಜಾಸ್ತಿ, ಜೋಡಿಸಲು ನುರಿತ ಕೈ ಬೇಕಿತ್ತು. ಆದರೆ ಕಾರ್ಖಾನೆಯೇ ಬಾಗಿಲು ಹಾಕಿದ ಮೇಲೂ ಅವು ರಿಪೇರಿಯವರ ಮೇಜಿನ ಮೇಲೆ ಬಿಚ್ಚಿಕೊಂಡು ಕೂರುತ್ತವೆ. ಸ್ವಾಚ್ ತಪ್ಪು, ಎಚ್‌ಎಂಟಿ ಸರಿ ಎನ್ನುತ್ತಿಲ್ಲ. ಅಷ್ಟು ಅಗ್ಗವಾಗದಿದ್ದರೆ ಸ್ವಾಚ್ ಹುಟ್ಟುತ್ತಲೇ ಇರಲಿಲ್ಲ. ಆದರೆ ಜೋಡಿಸುವ ಕೈಗೆ ಉಳಿಸಿದ ಸೆಕೆಂಡನ್ನು ಬಿಚ್ಚುವ ಕೈಯಿಂದ ಕಿತ್ತುಕೊಂಡಿದ್ದೇವೆಯೇ ಎಂದು ನೋಡದೆ ನೂರಕ್ಕೆ ಇಷ್ಟು ಸುಲಭ ಎಂದು ಅಂಕ ಹಾಕಿಕೊಳ್ಳುವುದು ಅರ್ಧ ಲೆಕ್ಕ. ಯುರೋಪ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿ, ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ತೆಗೆಯುವಂತಿರಬೇಕು, 2027ರ ಫೆಬ್ರುವರಿಯಿಂದ ಇದು ಜಾರಿ ಎಂದಿತು. ಬೆಸೆದು, ಅಂಟಿಸಿ ಅಭ್ಯಾಸವಾದ ಡಿಸೈನರುಗಳು ಕಡಾಣಿಯ ವಿಚಾರ ಮತ್ತೆ ಓದಬೇಕಾಗಿದೆ.

ರಿಪೇರಿ ಮಾಡುವವರನ್ನು ನೋಡುತ್ತ ಕೂತರೆ ಒಂದು ವಿಷಯ ಕಾಣುತ್ತದೆ. ಪ್ಲಾಸ್ಟಿಕ್ಕಿಗೆ ಹೊಕ್ಕಿದ್ದ ಸ್ಕ್ರೂವನ್ನು ಮತ್ತೆ ಹಾಕುವಾಗ ನುರಿತವರು ಮೊದಲು ಉಲ್ಟಾ ತಿರುಗಿಸುತ್ತಾರೆ. ಒಂದು ಸುತ್ತಿನಲ್ಲಿ ಎಲ್ಲೋ 'ಕಟ್' ಎಂದು ಸ್ಕ್ರೂ ಒಂದೆಳೆ ಇಳಿಯುತ್ತದೆ: ಹಳೆಯ ಮರೆಯ ಬಾಯಿ ಸಿಕ್ಕಿತು ಎಂದು ಅರ್ಥ. ಆಮೇಲೆ ಬಲಕ್ಕೆ ತಿರುಗಿಸುತ್ತಾರೆ. ಹಾಗೆ ಮಾಡದವರು ಪ್ರತಿ ಸಲ ಹೊಸ ಮರೆ ಕೊರೆಯುತ್ತಾರೆ, ಮೂರನೇ ಸಲಕ್ಕೆ ತೂತೇ ಸಡಿಲವಾಗುತ್ತದೆ. ಪಂಪ್‌ಹೌಸಿನಲ್ಲಿ ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಫ್ಯೂಸು ಬದಲಿಸುವ ರೈತ ಈ ಸದ್ದಿಗೆ ಕಿವಿಗೊಡುತ್ತಾನೆಂದು ನಾನು ನಂಬಿ ಕೂರಲಾರೆ. ಹಾಗಾಗಿ ಸ್ಟಾರ್ಟರ್ ಡಬ್ಬಿಯ ಮುಚ್ಚಳದ ನಾಲ್ಕು ಸ್ಕ್ರೂಗಳಿಗೆ ಮಾತ್ರ ಒಳಗೆ ಹಿತ್ತಾಳೆಯ ಮರೆಗೊಳವೆ ಕೂರಿಸಿದ್ದೇನೆ. ನಾಲ್ಕು ಭಾಗ ಜಾಸ್ತಿಯಾಯಿತು. ಮೂರು ಪ್ರಶ್ನೆಯಲ್ಲಿ ಎರಡನೆಯದಕ್ಕೆ ಅವು 'ಹೌದು' ಅನ್ನುತ್ತವೆ.